ಪೇಟದೊಳಗಿನ ಗುಟ್ಟು

ನಮ್ಮ ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲ ಉಂಡೆ ಯಾರದು ಎಂಬುದು ವಾರಕ್ಕೊಮ್ಮೆ ವಿಚಾರಣೆಗೆ ಬರುವ ಮೊಕದ್ದಮೆ. ಉದ್ದವಿದ್ದರೆ ಹೆಂಡತಿಯದು, ಗಿಡ್ಡವಿದ್ದರೆ ನನ್ನದು. ಈಚೆಗೆ ಗಿಡ್ಡದ್ದು ಕಡಿಮೆಯಾಗಿದೆ. ಉದುರುವುದು ನಿಂತಿತೆಂದಲ್ಲ, ದಾಸ್ತಾನೇ ಮುಗಿಯುತ್ತಾ ಬಂದಿದೆ.

ಬೋರ್‌ವೆಲ್ ನೀರೇ ಕಾರಣ ಎಂದಳು ಹೆಂಡತಿ. ಹೆಲ್ಮೆಟ್ಟು ಎಂದ ತಮ್ಮ. "ಎಣ್ಣೆ ಹಚ್ಕೋ ಅಂದ್ರೆ ಕೇಳಿದ್ಯಾ?" ಎಂದಳು ಅಮ್ಮ. ಹರಳೆಣ್ಣೆ, ದಾಸವಾಳದ ಸೊಪ್ಪು, ಈರುಳ್ಳಿ ರಸ ಎಲ್ಲ ಆಯಿತು. ಈರುಳ್ಳಿ ರಸದ ದಿನ ಕೂದಲಿಗಿಂತ ಮುಂಚೆ ಮನೆಯವರೇ ನನ್ನಿಂದ ದೂರವಾದರು.

ಕೊನೆಗೆ ನಾನು, ಹೆಂಡತಿ, ತಮ್ಮನ ಮಗ ಮೂವರೂ ಚರ್ಮದ ಡಾಕ್ಟರ ಬಳಿ ಹೋದೆವು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಎಂದರು. ಬೋರ್ ನೀರು ಕೂದಲನ್ನು ಒರಟು ಮಾಡೀತು, ಬೋಳು ಮಾಡದು ಎಂದು ಅದನ್ನು ಖುಲಾಸೆ ಮಾಡಿದರು.

ಹೆಂಡತಿಗೆ ಮೂರು ತಿಂಗಳ ಹಿಂದೆ ಡೆಂಗಿ ಬಂದಿತ್ತು. ಜ್ವರದ ಹೊಡೆತಕ್ಕೆ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳಾದ ಮೇಲೆ ಕಂತೆಕಂತೆಯಾಗಿ ಕೆಲಸ ಬಿಡುತ್ತವಂತೆ. ಬಾಣಂತಿಯರಿಗೂ ಹೀಗೇ. ಮತ್ತೆ ಬರುತ್ತದೆ, ಹೆದರಬೇಡಿ ಎಂದರು.

ಹುಡುಗನ ತಲೆಯ ಹಿಂದೆ ರೂಪಾಯಿ ಬಿಲ್ಲೆಯಗಲ ನುಣ್ಣಗಾಗಿತ್ತು. ಹುಳ ತಿಂದಿದೆ ಎಂದು ಕಂಡವರೆಲ್ಲ ಹೇಳಿದ್ದರು. ಹುಳವೂ ಇಲ್ಲ, ಹುಪ್ಪಟೆಯೂ ಇಲ್ಲ. ಮೈ ಕಾಯಬೇಕಾದ ರೋಗನಿರೋಧಕ ಪಡೆಯೇ ಕೂದಲ ಬೇರಿನ ಮೇಲೆ ಬಿದ್ದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಷ್ಟು ಚಿಕ್ಕದಾದರೆ ಸಾಮಾನ್ಯವಾಗಿ ತುಂಬಿಕೊಳ್ಳುತ್ತದೆ ಎಂದರು.

ನನ್ನ ಹಣೆಯ ಎರಡು ಮೂಲೆ, ನೆತ್ತಿ ನೋಡಿದವರೇ "ಇದು ವಂಶದ್ದು" ಎಂದರು. ಡಿಎಚ್‌ಟಿ ಎಂಬ ಹಾರ್ಮೋನಿಗೆ ಬೇರುಗಳು ಕುಗ್ಗಿ, ದಪ್ಪ ಕೂದಲು ನವಿರಾಗಿ, ಕೊನೆಗೆ ಇಲ್ಲವಾಗುತ್ತದೆ. ಬರೆದುಕೊಟ್ಟದ್ದು ಮಿನಾಕ್ಸಿಡಿಲ್, ರಕ್ತದೊತ್ತಡಕ್ಕೆಂದು ಬಂದು, ರೋಗಿಗಳ ಮೈಮೇಲೆ ಕೂದಲು ಬೆಳೆಸಿ, ತಲೆಗೆ ಬಡ್ತಿ ಪಡೆದ ಔಷಧ. ಹಚ್ಚುವುದು ಬಿಟ್ಟರೆ ಬಂದದ್ದೂ ಹೋಗುತ್ತದೆ.

ಮನೆಗೆ ಬಂದು "ವಂಶದ್ದಂತೆ" ಎಂದದ್ದೇ ತಪ್ಪಾಯಿತು.

"ನಿನ್ನ ದೊಡ್ಡಪ್ಪನ್ನ ನೋಡು, ಗೊತ್ತಾಗುತ್ತೆ," ಎಂದಳು ಅಮ್ಮ. ಅಪ್ಪ ಪೇಪರಿನಿಂದ ತಮ್ಮ ತುಂಬುಗೂದಲ ತಲೆ ಎತ್ತಿ, "ಅದು ತಾಯಿಯ ತಂದೆಯಿಂದ ಬರೋದು" ಎಂದರು. ಎರಡೂ ಕಡೆಯ ಪಾಲಿದೆ ಎಂದು ಡಾಕ್ಟರು ಹೇಳಿದ್ದನ್ನು ಕೇಳುವವರಾರು?

ಅಮ್ಮ ಗೋಡೆಯ ಫೋಟೊದತ್ತ ಕೈ ತೋರಿಸಿದಳು. "ನೋಡಿ ನಮ್ಮಪ್ಪನ್ನ! ಒಂದು ಕೂದಲಾದ್ರೂ ಉದುರಿತ್ತಾ?"

ಎಲ್ಲರೂ ನೋಡಿದೆವು. ತಾತನ ಜರಿ ಪೇಟ ಹುಬ್ಬಿನಿಂದ ಎರಡೇ ಬೆರಳು ಮೇಲೆ ಭದ್ರವಾಗಿ ಕೂತಿತ್ತು. ಅಪ್ಪ ಕೆಮ್ಮಿದರು.

"ಪೇಟ ಇಲ್ದಿರೋ ಫೋಟೊ ಇಲ್ವಾ ಅಜ್ಜಿ?" ಎಂದ ತಮ್ಮನ ಮಗ.

"ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತೋ ಅದು," ಎಂದು ಅಮ್ಮ ಒಳಗೆ ಹೋದಳು. ಆಗ ಮಧ್ಯಾಹ್ನ ಮೂರು ಗಂಟೆ.