ಪಾಯಿಂಟಿಗೊಂದು ಪುಣ್ಯ

ಹಿಂದೆಲ್ಲ ಪುಣ್ಯದ ಲೆಕ್ಕ ಗೊತ್ತಾಗಬೇಕಾದರೆ ಸಾಯಬೇಕಿತ್ತು. ಈಗ ಎಂಜಿನಿಯರಿಂಗ್ ಸೇರಿದರೆ ಸಾಕು. ಪದವಿ ಕೈಗೆ ಬರಬೇಕಾದರೆ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಿರಬೇಕು ಎಂಬುದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ವಿಧಿಸಿದ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಪಾಲಿಸುವ ನಿಯಮ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75 ಸಾಕು. ಅವರ ಪಾಪದಲ್ಲಿ ಒಂದು ವರ್ಷದ ರಿಯಾಯಿತಿ! ಕಸ ವಿಲೇವಾರಿಗೆ ಪಾಯಿಂಟ್, ಪ್ರವಾಸೋದ್ಯಮಕ್ಕೆ ಪಾಯಿಂಟ್, ಹಳ್ಳಿಯ ಮಾಲಿಗೆ ಮಾರುಕಟ್ಟೆ ಹುಡುಕಿಕೊಟ್ಟರೆ ಪಾಯಿಂಟ್. ಇದಲ್ಲದೆ ಮೂರನೇ ಸೆಮಿಸ್ಟರಿನಲ್ಲಿ ‘ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ಒಂದು ಕ್ರೆಡಿಟ್ಟಿನ ವಿಷಯ. ಗಿಡ ದತ್ತು ತಗೊಳ್ಳುವುದು, ಪಾರಂಪರಿಕ ನಡಿಗೆ, ಸಾವಯವ ಕೃಷಿ, ನೀರುಳಿತಾಯ, ಕಡೆಗೆ ‘ಫುಡ್ ವಾಕ್’. ಬಳ್ಳಾರಿಯ ಹುಡುಗ ಸಂಜೆ ಒಗ್ಗರಣೆ-ಮಿರ್ಚಿ ತಿಂದು ಬಂದರೂ ಈಗ ಅದು ಸಮಾಜದ ಜೊತೆಗಿನ ಸಂಪರ್ಕ.

ಗಾಂಧಿ ಶತಮಾನೋತ್ಸವದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ಎಸ್ಎಸ್ ಶುರುವಾದಾಗ ವ್ಯವಹಾರ ಸರಳವಾಗಿತ್ತು. ಎರಡು ವರ್ಷದಲ್ಲಿ 240 ಗಂಟೆ ದುಡಿ, ಏಳು ದಿನ ಹಳ್ಳಿಯ ಶಾಲೆಯಲ್ಲಿ ಮಲಗು, ಚರಂಡಿ ಶುಚಿ ಮಾಡು, ಊರವರು ಬಡಿಸಿದ ಅನ್ನ-ಸಾರು ಉಣ್ಣು. ಚರಂಡಿ ಮುಂದಿನ ಮಳೆಗೆ ಮತ್ತೆ ಕಟ್ಟಿಕೊಳ್ಳುತ್ತಿತ್ತು ನಿಜ, ಆದರೆ ಸುರಿಸಿದ ಬೆವರು ಅಸಲಿ. ಈಗ ಬರೀ ಸೇವೆ ಹಳೇ ಕಾಲದ್ದಾಯಿತು. ಸೇವೆಯೊಳಗೆ ಉದ್ಯಮ ಇರಬೇಕು, ಉದ್ಯಮದೊಳಗೆ ಸುಸ್ಥಿರ ಅಭಿವೃದ್ಧಿ ಇರಬೇಕು, ಇವೆರಡೂ ಹನ್ನೆರಡು ಸ್ಲೈಡಿನೊಳಗೆ ಇರಬೇಕು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಗುರಿಗಳ ಬಣ್ಣದ ಚೌಕಗಳಿವೆಯಲ್ಲ, ಅವುಗಳಲ್ಲಿ ಮೂರ್ನಾಲ್ಕನ್ನು ಮೊದಲ ಸ್ಲೈಡಿನ ಮೂಲೆಗೆ ಅಂಟಿಸಿಕೊಂಡು ವಿದ್ಯಾರ್ಥಿಗಳ ತಂಡ ಹೊರಡುತ್ತದೆ.

ಮೊದಲ ನಿಲ್ದಾಣ ಬಳ್ಳಾರಿಯ ಕೌಲ್‌ಬಜಾರ್. ಇಲ್ಲಿ ಮನೆಮನೆಯಲ್ಲೂ ಜೀನ್ಸ್ ಕೆಲಸ. ತಂಡದ ಕಣ್ಣಿಗೆ ಕಟಿಂಗ್ ಚಿಂದಿ ಬೀಳುತ್ತದೆ. ‘ಅಪ್‌ಸೈಕ್ಲಿಂಗ್!’ ಚಿಂದಿಯಿಂದ ಕೈಚೀಲ ಮಾಡಿಸೋಣ. ಪೀಸಿಗಿಷ್ಟು ಎಂದು ಪ್ಯಾಂಟಿನ ದಾರ ಕತ್ತರಿಸುತ್ತಾ ಕೂತ ಹೆಂಗಸು ತಲೆ ಎತ್ತಿ ನೋಡುತ್ತಾಳೆ. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಹಳೇ ಸೀರೆ, ಹರಿದ ಅಂಗಿ ಸೇರಿಸಿ ಕೌದಿ ಹೊಲಿದವರೇ. ಅದಕ್ಕೆ ಹೆಸರಿಡಲಿಲ್ಲ, ಸ್ಲೈಡು ಮಾಡಲಿಲ್ಲ, ಸುಮ್ಮನೆ ಹೊದ್ದು ಮಲಗಿದರು. ಸರಿ, ಚೀಲ ಹೊಲಿದವಳು ಅವಳೇ, ಗುಂಡಿ ಹಾಕಿದವಳು ಅವಳೇ. ವರದಿಯಲ್ಲಿ ಮಾತ್ರ ಅವಳು ‘ಫಲಾನುಭವಿ’. ಫೋಟೊ ತೆಗೆದ ಹುಡುಗ ‘ಸಂಸ್ಥಾಪಕ’. 2023ರ ಚುನಾವಣೆಯಲ್ಲಿ ರಾಹುಲ್ ಗಾಂಧಿ ಇದೇ ಊರಿಗೆ 5,000 ಕೋಟಿಯ ಜೀನ್ಸ್ ಪಾರ್ಕ್ ಮಾತು ಕೊಟ್ಟು ಹೋದರು. ದೊಡ್ಡವರದು ದೊಡ್ಡ ಮಾತು, ಹುಡುಗರದು ಚೀಲ. ದಾರ ಕತ್ತರಿಸುವ ದರ ಏರಿಸುವ ಮಾತು ಎರಡರಲ್ಲೂ ಇಲ್ಲ.

ಎರಡನೆಯದು ಸಿರುಗುಪ್ಪ, ಭತ್ತದ ಸೀಮೆ. ಪ್ರಾಜೆಕ್ಟಿನ ಹೆಸರು ‘ವೇಸ್ಟ್ ಟು ವೆಲ್ತ್’. ರೈಸ್‌ಮಿಲ್ಲಿನಲ್ಲಿ ವೇಸ್ಟ್ ಹುಡುಕುವ ಧೈರ್ಯ ಪುಸ್ತಕ ಓದಿದವರಿಗೇ ಬರಬೇಕು. ತೌಡು ಎಣ್ಣೆ ಮಿಲ್ಲಿಗೆ ಹೋಗುತ್ತದೆ, ನುಚ್ಚು ಕೋಳಿಗೋ ಇಡ್ಲಿಗೋ ಹೋಗುತ್ತದೆ, ಹೊಟ್ಟು ಬಾಯ್ಲರಿಗೋ ಇಟ್ಟಿಗೆ ಭಟ್ಟಿಗೋ ಹೋಗುತ್ತದೆ. ಯಾರಿಗೂ ಬೇಡವಾಗಿ ಉಳಿಯುವುದು ಬೂದಿ, ಅದು ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಗೆ ಹೋಗುತ್ತದೆ. ಇಲ್ಲಿ ತಮಗೆ ಕೆಲಸವಿಲ್ಲ ಎಂದು ಗೊತ್ತಾದ ಮೇಲೆ ತಂಡ ಗದ್ದೆಯ ಬದುವಿಗೆ ಬರುತ್ತದೆ.

“ಅಜ್ಜಾ, ನಿಮ್ಮ ಭತ್ತಕ್ಕ ಒಂದು ಆ್ಯಪ್ ಮಾಡಾಕತ್ತೀವ್ರಿ.”

“ಮಾಡ್ರಪ್ಪ. ತೂಕ ಆದ ದಿನಾನ ರೊಕ್ಕ ಬರ್ತತೇನು ಅದರಾಗ?”

“ರೊಕ್ಕ ಬರಲ್ಲಜ್ಜಾ, ರೇಟ್ ಕಾಣ್ತತಿ.”

“ರೇಟ್ ನನಗ ಗೊತ್ತೈತಿ. ಗೊತ್ತಾಗೇ ನಿದ್ದಿ ಬರವಲ್ದು.”

2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ, ಈ ಭತ್ತಕ್ಕೆ ನೀರುಣಿಸುವ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಈ ಸೀಮೆಯ ಒಲೆಯೇ ಆರುತ್ತದೇನೋ ಅನ್ನಿಸಿತ್ತು. ಮರುವರ್ಷ 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರಿಲ್ಲ ಅಂದರು. ಗೇಟು ಯಾವ ಇಲಾಖೆಯದು, ಚೈನು ಯಾರ ಹೊಣೆ, ಇದನ್ನು ಕೇಳಹೊರಟರೆ ಅದು ಸಮಾಜಸೇವೆ ಆಗುವುದಿಲ್ಲ, ಗಲಾಟೆ ಆಗುತ್ತದೆ. ಗಲಾಟೆಗೆ ಪಾಯಿಂಟಿಲ್ಲ. ಆ್ಯಪಿಗೆ ಉಂಟು.

ಮೂರನೆಯದು ಕುರುಗೋಡು. ಬೆಳಿಗ್ಗೆ ಪಾರಂಪರಿಕ ನಡಿಗೆ. ದೊಡ್ಡಬಸವೇಶ್ವರ ಗುಡಿಯ ಏಕಶಿಲೆಯ ಬಸವಣ್ಣನ ಪಕ್ಕ ಸೆಲ್ಫಿ, ಪ್ರವಾಸೋದ್ಯಮ ಮುಗಿಯಿತು. ಮಧ್ಯಾಹ್ನ ಮೆಣಸಿನಕಾಯಿ. ಇಲ್ಲಿಯ ರೈತ ಚೀಲ ತುಂಬಿಕೊಂಡು ವಿಜಯನಗರ ಜಿಲ್ಲೆ ದಾಟಿ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗಬೇಕು. 2024ರ ಮಾರ್ಚಿನಲ್ಲಿ ಅಲ್ಲಿ ದರ ಬಿದ್ದಾಗ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಲಾರಿಗಟ್ಟಲೆ ಮಾಲಿನ ಈ ಸಂಕಟಕ್ಕೆ ತಂಡದ ಉತ್ತರ ಹತ್ತು ಕಿಲೋ ಪುಡಿ, ಗಾಜಿನ ಬಾಟಲಿ, ಇಂಗ್ಲಿಷ್ ಲೇಬಲ್. ಬಾಟಲಿಗಳೆಲ್ಲ ಒಂದೇ ದಿನದಲ್ಲಿ ಖಾಲಿ. ಕೊಂಡವರು ಪ್ರಾಜೆಕ್ಟಿನ ಗೈಡು, ಎಚ್‌ಒಡಿ, ಗೈಡಿನ ಹೆಂಡತಿಯ ತಂಗಿ. ‘ಮಾರುಕಟ್ಟೆಯ ಪ್ರತಿಕ್ರಿಯೆ ಅಭೂತಪೂರ್ವ’ ಎಂದು ವರದಿ ಬಂತು.

ಹಾಗಂತ ಸಾಮಾಜಿಕ ಉದ್ಯಮವೇ ಸುಳ್ಳಲ್ಲ. ಪಕ್ಕದ ಸಂಡೂರಿನ ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಂಗಸರ ಕಸೂತಿಗೆ ಗಿರಾಕಿ ಹುಡುಕುತ್ತಾ ಬಂದಿದೆ. ಆ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದ್ದು 2010ರಲ್ಲಿ. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಕಟ್ಟಿ ಬಡವರ ಮನೆಗೆ ಸೌರದೀಪ ಹೊತ್ತರು, ಮ್ಯಾಗ್ಸೆಸೆ ಬಂದಿದ್ದು 2011ರಲ್ಲಿ. ಯಾವುದೂ ಸೆಮಿಸ್ಟರಿನ ಲೆಕ್ಕಕ್ಕೆ ಸಿಗುವುದಲ್ಲ. ಸೇವೆಯಲ್ಲಿ ಕಷ್ಟವಾದದ್ದು ಬಿಟ್ಟುಹೋಗದೆ ಇರುವುದು. ವ್ಯಾಪಾರದಲ್ಲಿ ಕಷ್ಟವಾದದ್ದು ಸ್ವಂತ ದುಡ್ಡು ಕಳೆದುಕೊಳ್ಳುವುದು. ನಮ್ಮ ಪಠ್ಯಕ್ರಮ ಎರಡನ್ನೂ ಜಾಣತನದಿಂದ ಸೋಸಿ ತೆಗೆದು, ಉಳಿದ ನೀರನ್ನು ಹುಡುಗರಿಗೆ ಕುಡಿಸಿ, ಕುಡಿದದ್ದಕ್ಕೆ ಪ್ರಮಾಣಪತ್ರವನ್ನೂ ಕೊಡುತ್ತಿದೆ.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಆ ತಂಡದಲ್ಲೇ ಒಬ್ಬಳ ತಾಯಿ ಮನೆಯಲ್ಲಿ ಕೂತು ಜೀನ್ಸಿನ ದಾರ ಕತ್ತರಿಸುತ್ತಿರಬಹುದು, ಒಬ್ಬನ ಅಪ್ಪನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಬೆಲೆಗೆ ಕಾಯುತ್ತಿರಬಹುದು. ಸಮಾಜ ಅಂದರೇನೆಂದು ಅವರಿಗೆ ಗೈಡಿಗಿಂತ ಚೆನ್ನಾಗಿ ಗೊತ್ತು. ಆದರೆ ಸ್ವಂತ ಮನೆ ಸೇವೆಯ ಪಟ್ಟಿಗೆ ಬರುವುದಿಲ್ಲವಾದ್ದರಿಂದ ಬೇರೆಯವರ ತಾಯಿಯ ಫೋಟೊ ತರುತ್ತಾರೆ.

ಹಾಗಾಗಿ ಒಂದು ಸಣ್ಣ ತಿದ್ದುಪಡಿ ಸಾಕು. ಪಾಯಿಂಟ್ ಹಾಕುವ ಪೆನ್ನನ್ನು ಗೈಡಿನ ಕೈಯಿಂದ ಕಿತ್ತು ‘ಫಲಾನುಭವಿ’ಯ ಕೈಗೆ ಕೊಡಿ, ಅದೂ ಪ್ರಾಜೆಕ್ಟ್ ಮುಗಿದು ಒಂದು ವರ್ಷ ಕಳೆದ ಮೇಲೆ. ಎಷ್ಟು ಮಂದಿ ಪಾಸಾಗುತ್ತಾರೋ ಹೇಳಲಾಗದು. ಕೌಲ್‌ಬಜಾರಿನ ಆ ಹೆಂಗಸಂತೂ ಸಹಿ ಹಾಕುವ ಮೊದಲು ಚೀಲ ಹೊಲಿದ ಕೂಲಿ ಕೇಳಿಯೇ ಕೇಳುತ್ತಾಳೆ. ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಅದೇ ಮೊದಲ ಸರಿಯಾದ ವೈವಾ.