ಅಗ್ನಿದೇವರೇ, ಕೆಳಗಡೆ ಮಾತ್ರ ನೋಡಬೇಡಿ

ಪೂಜ್ಯ ಅಗ್ನಿದೇವರ ಸನ್ನಿಧಾನಕ್ಕೆ,

ಬೆಂಗಳೂರಿನ ಮೂರನೇ ಮಹಡಿಯ ಬಾಡಿಗೆದಾರನ ಸಾಷ್ಟಾಂಗ ನಮಸ್ಕಾರಗಳು. ಈ ಕ್ಷಣಕ್ಕೆ ನಾವು ಕ್ಷೇಮ. ಮುಂದಿನದು ತಮ್ಮ ಚಿತ್ತ.

ವಿಷಯ ಇಷ್ಟೇ. ನಮ್ಮ ತಲೆಯ ಮೇಲಿನ ತಾರಸಿಗೆ ಮನೆ ಮಾಲೀಕರು ಸೌದೆ ಉರಿಸುವ ಪಿಜ್ಜಾ ಓವನ್ ತರಿಸಿದ್ದಾರೆ. ತಮಗೆ ಅಗೌರವವಾಗಬಾರದೆಂದು ವಾಸ್ತು ಪಂಡಿತರನ್ನು ಕರೆಸಿ, ಸರಿಯಾಗಿ ಆಗ್ನೇಯ ಮೂಲೆಯಲ್ಲೇ ಜಾಗ ಗುರುತು ಮಾಡಿಸಿದ್ದಾರೆ. ಆ ಮೂಲೆಯಲ್ಲಿರುವುದು ಮರದ ಡೆಕ್ಕು, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು. ದಿಕ್ಕು ಕೇಳಿದವರು ನೆಲದ ಮಾತೆತ್ತಲಿಲ್ಲ.

‘ಬೆಂಕಿ ಮೇಲಕ್ಕೆ ತಾನೇ ಹೋಗೋದು ಸ್ವಾಮೀ?’ ಎನ್ನುತ್ತಾರೆ ಮಾಲೀಕರು. ಜ್ವಾಲೆ ಹೋಗುವುದು ಮೇಲಕ್ಕೇ. ಕಾವು ಮಾತ್ರ ಇಟ್ಟಿಗೆ ಹಿಡಿದು ಕೆಳಕ್ಕೂ ಇಳಿಯುತ್ತದೆ. ನೇಪಲ್ಸ್ ಶೈಲಿಯ ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೇಯಬೇಕಾದರೆ ಓವನ್ನಿನ ತಳವೇ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಪಾಲಿಎಥಿಲೀನ್ ಹುಲ್ಲು 130ರ ಆಸುಪಾಸಿನಲ್ಲೇ ಕರಗುತ್ತದೆ. ಮರ 250-300ಕ್ಕೆ ಕರಕಲಾಗಿ ಹೊತ್ತಿಕೊಳ್ಳಲು ಅಣಿಯಾಗುತ್ತದೆ. ತಿಂಗಳುಗಟ್ಟಲೆ ಕಾವುಂಡು ಒಣಗಿದ ಮರಕ್ಕೆ ಅಷ್ಟೂ ಬೇಡ. ಹಾಗಾಗಿ ತಮ್ಮ ಏಳು ನಾಲಿಗೆಗಳಲ್ಲಿ ಒಂದನ್ನೂ ಕೆಳಗೆ ಚಾಚಬಾರದೆಂದು ಪ್ರಾರ್ಥನೆ.

ಭಯಕ್ಕೆ ಕಾರಣವಿದೆ. ಶ್ವೇತಕಿ ರಾಜನ ಯಾಗದಲ್ಲಿ ತುಪ್ಪ ಹೆಚ್ಚಾಗಿ ಅಜೀರ್ಣವಾದಾಗ ತಾವು ಮದ್ದಿಗೆಂದು ಖಾಂಡವವನವನ್ನೇ ತಿಂದವರು. 1666ರಲ್ಲಿ ಲಂಡನ್ನಿನ ಪುಡ್ಡಿಂಗ್ ಲೇನ್‌ನ ಒಂದು ಬೇಕರಿಯಿಂದ ಹೊರಟು ನಾಲ್ಕು ದಿನಗಳಲ್ಲಿ 13,000ಕ್ಕೂ ಹೆಚ್ಚು ಮನೆ ಮುಗಿಸಿದಿರಿ. ಈಗ ನೈವೇದ್ಯ ಚೀಸು. ಅಜೀರ್ಣವಾದರೆ ಮದ್ದಿಗೆ ಹತ್ತಿರ ಸಿಗುವುದು ನಮ್ಮ ಮನೆಯೇ.

ಓವನ್ ನೋಡಲು ಬಂದ ಗಾರೆ ಮೇಸ್ತ್ರಿ ಒಂದು ದಾರಿ ಹೇಳಿದ. ಹುಲ್ಲು, ಡೆಕ್ಕು ಎರಡನ್ನೂ ಕಿತ್ತು ಇಟ್ಟಿಗೆ ಕಟ್ಟೆ ಕಟ್ಟಬೇಕು. ಅದರ ಮೇಲೆ ವರ್ಮಿಕ್ಯುಲೈಟ್ ಕಾಂಕ್ರೀಟ್ ಇಲ್ಲವೇ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡು, ಅದರ ಮೇಲೆ ಫೈರ್ ಬ್ರಿಕ್ಕು. ಬಾಯಿಯ ಮುಂದೆ ಕೆಂಡ ಉದುರುವಷ್ಟು ದೂರ ಕಲ್ಲು ಹಾಸಬೇಕು. ಮೊದಲ ಕೆಲವು ದಿನ ಸಣ್ಣ ಉರಿಯಲ್ಲಿ ಒಳಗಿನ ತೇವ ಆರಿಸಬೇಕು, ಇಲ್ಲದಿದ್ದರೆ ಗುಮ್ಮಟ ಬಿರುಕು ಬಿಡುತ್ತದೆ. ಬೂದಿ ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೇ ಹೋಗಬೇಕು, ಏಕೆಂದರೆ ಬೂದಿಯೊಳಗಿನ ಕೆಂಡ ಮಾರನೆಯ ದಿನವೂ ಜೀವಂತವಿರುತ್ತದೆ.

‘ಹುಲ್ಲಿನ ಮೇಲೆ ಒಂದು ಗ್ರಾನೈಟ್ ಚಪ್ಪಡಿ ಎಸೆದರೆ ಸಾಲದೇ?’ ಎಂದರು ಮಾಲೀಕರು. ಗ್ರಾನೈಟ್ ತಾನು ಉರಿಯದು, ಆದರೆ ಕಾವನ್ನು ತಡೆಯದೆ ಕೆಳಕ್ಕೆ ದಾಟಿಸುತ್ತದೆ. ಉರಿಯದ ವಸ್ತು ಬೇರೆ, ಕಾವು ತಡೆಯುವ ವಸ್ತು ಬೇರೆ. ಓವನ್ನಿನ ಕೆಳಗೆ ಎರಡೂ ಬೇಕು. ಮೇಸ್ತ್ರಿಯ ದಾರಿಗೆ ದುಡ್ಡು ಉಳಿದಿಲ್ಲವಂತೆ, ಬಣ್ಣದ ಲೈಟಿನ ಸರಕ್ಕೆ ಖರ್ಚಾಯಿತಂತೆ.

ಭಾರದ ವಿಚಾರದಲ್ಲಿ ಆದಿಶೇಷನಿಗೆ ಬೇರೆ ಅರ್ಜಿ ಹಾಕಿದ್ದೇನೆ. ಭಾರತೀಯ ಮಾನಕದ ಪ್ರಕಾರ ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಇಟ್ಟಿಗೆ ಗುಮ್ಮಟದ ಓವನ್ ಅರ್ಧ ಟನ್ ಮೀರುವುದುಂಟು.

ತಮ್ಮ ಸ್ವಭಾವ ಬದಲಾಗದು, ಗೊತ್ತು. ಆದ್ದರಿಂದ ಈ ಪತ್ರದ ಪ್ರತಿಯನ್ನು ಮಾಲೀಕರಿಗೂ ಕೊಡುತ್ತಿದ್ದೇನೆ. ಸ್ವಾಮೀ, ಮೊದಲು ಇಂಜಿನಿಯರಿಗೆ ತಾರಸಿ ತೋರಿಸಿ, ಹುಲ್ಲು ಕೀಳಿಸಿ, ಕಟ್ಟೆ ಕಟ್ಟಿಸಿ. ಬೆಂಕಿ ಹಚ್ಚುವುದು ಆಮೇಲೆ.

ಇತಿ,
ತಮ್ಮ ಕೆಳಗಿನವನು