ಆಂಗ್ಲ ಅಪಕಾಗುಣಿತ ಮೀಮಾಂಸೆ: ಬಹುಶಿಸ್ತೀಯ ಅನುಸಂಧಾನಕ್ಕೊಂದು ಪೂರ್ವಭಾವಿ ಪ್ರಸ್ತಾವನೆ

ಆಂಗ್ಲಪದಗಳ ವರ್ಣಸಂಯೋಜನೆಯಲ್ಲಿ ಸಂಭವಿಸುವ ಸ್ಖಲನವೂ, ಆ ಸ್ಖಲನದ ದರ್ಶನಮಾತ್ರದಿಂದ ಸುಶಿಕ್ಷಿತ ನಗರವಾಸಿಯ ಅಂತರಂಗದಲ್ಲಿ ಉದ್ಭವಿಸುವ ಕ್ಷೋಭೆಯೂ ಪರಸ್ಪರ ದ್ವಂದ್ವಾತ್ಮಕ ಸಂಬಂಧದಲ್ಲಿವೆ ಎಂಬುದು ಪ್ರಸ್ತುತ ಪ್ರಬಂಧದ ತಾತ್ವಿಕ ನೆಲೆಗಟ್ಟು. ಸದರಿ ಕ್ಷೋಭೆಗೆ 'ಕಾಗುಣಿತೋದ್ವೇಗ' ಎಂಬ ಪರಿಕಲ್ಪನಾತ್ಮಕ ಅಭಿಧಾನವನ್ನು ಇಲ್ಲಿ ನೀಡಲಾಗಿದೆ. (ಸುಮ್ಮನೆ 'ಸಿಟ್ಟು' ಎಂದು ಬರೆದರೆ ಮಾರ್ಗದರ್ಶಕರು ಅಧ್ಯಾಯವನ್ನು ವಾಪಸ್ ಕಳಿಸುತ್ತಾರೆ.)

ವರ್ಗೀಕರಣವಿಲ್ಲದೆ ಶಾಸ್ತ್ರವಿಲ್ಲ. ಆದಕಾರಣ ಹೈಸ್ಕೂಲಿನ ವ್ಯಾಕರಣದಿಂದ ಕನ್ನಡ ಸಂಧಿಗಳನ್ನು ಎರವಲು ಪಡೆದು, ದೋಷಗಳನ್ನು ಲೋಪ, ಆಗಮ, ಆದೇಶ ಎಂದು ತ್ರಿಧಾ ವಿಭಜಿಸಿ, ಒಂದೊಂದರಲ್ಲೂ ಏಳೇಳು ಉಪಪ್ರಭೇದಗಳನ್ನು ಗುರುತಿಸಲಾಗಿದೆ.

ಲೋಪದೋಷ: ಇರಬೇಕಾದ ಅಕ್ಷರ ಬಿದ್ದುಹೋಗುವುದು. ಲಾಡ್ಜಿನ ಬೋರ್ಡುಗಳಲ್ಲಿ 'ಅಕಾಮಡೇಶನ್' ತನ್ನ ಎರಡನೇ 'ಎಂ' ಕಳೆದುಕೊಳ್ಳುವುದು ಸರ್ವವಿದಿತ. ಇದಕ್ಕಿಂತ ಘನವಾದ ನಿದರ್ಶನ 'ರೆಫರರ್'. ಕಂಪ್ಯೂಟರುಗಳು ಇಂಟರ್ನೆಟ್ಟಿನಲ್ಲಿ ಮಾತಾಡಿಕೊಳ್ಳುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಈ ಪದದ ಒಂದು 'ಆರ್' ಕಾಣೆಯಾಯಿತು. 1996ರಲ್ಲಿ ಪ್ರಕಟವಾದಾಗಲೂ ಕಾಣೆಯಾಗಿಯೇ ಇತ್ತು. ಇಂದಿಗೂ ತಿದ್ದಿಲ್ಲ, ತಿದ್ದಿದರೆ ಹಳೆಯ ಪ್ರೋಗ್ರಾಮುಗಳು ಕೆಟ್ಟು ಕೂರುತ್ತವೆ. ವೈಟ್‌ಫೀಲ್ಡಿನ ಇಂಜಿನಿಯರು ಹಗಲೆಲ್ಲ ಆ ತಪ್ಪನ್ನು ಶ್ರದ್ಧೆಯಿಂದ ಟೈಪಿಸುತ್ತಾರೆ. ಸಂಜೆ, 'ಚಿಲ್ಡ್ ಬಿಯರ್' ಹೋಗಿ 'ಚೈಲ್ಡ್ ಬಿಯರ್' ಆಗಿರುವ ಬಾರಿನ ಬೋರ್ಡನ್ನು ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿ ನಗುತ್ತಾರೆ.

ಆಗಮದೋಷ: ಕರೆಯದ ಅಕ್ಷರ ಬಂದು ಪಂಕ್ತಿಯಲ್ಲಿ ಕೂರುವುದು. 1992ರಲ್ಲಿ ಅಮೆರಿಕದ ಉಪಾಧ್ಯಕ್ಷ ಡಾನ್ ಕ್ವೇಲ್, ನ್ಯೂಜೆರ್ಸಿಯ ಟ್ರೆಂಟನ್ನಿನ ಶಾಲೆಯೊಂದರಲ್ಲಿ, ಹುಡುಗನೊಬ್ಬ ಸರಿಯಾಗಿಯೇ ಬರೆದಿದ್ದ 'ಪೊಟ್ಯಾಟೊ'ದ ಕೊನೆಗೆ 'ಇ' ಸೇರಿಸಲು ಹೇಳಿದರು. ಅವರ ಕೈಗೆ ಕೊಟ್ಟಿದ್ದ ಚೀಟಿಯಲ್ಲೇ ಹಾಗಿತ್ತು. ಹುಡುಗ ಸೇರಿಸಿದ. ಉಪಾಧ್ಯಕ್ಷರೇ ಹೇಳಿದ ಮೇಲೆ ಇನ್ನೇನು ಮಾಡಿಯಾನು?

ಆದೇಶದೋಷ: ಒಂದರ ಜಾಗದಲ್ಲಿ ಇನ್ನೊಂದು. ನಮ್ಮ ಊರೂರಿನ ನೋಟ್‌ಬುಕ್ಕು ಪೆನ್ನಿನ ಅಂಗಡಿಗಳು 'ಸ್ಟೇಷನರಿ'ಯಲ್ಲಿ 'ಇ' ಬದಲು 'ಎ' ಬರೆದು 'ನಿಂತಲ್ಲೇ ನಿಂತಿರುವ' ಅಂಗಡಿಗಳಾಗಿವೆ. ತಜ್ಞರಿಗೆ ಇದು ಪರಮ ಹಾಸ್ಯ. ಆದರೆ ಎರಡೂ ಪದಗಳ ಬೇರು ಒಂದೇ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳ ಬಳಿ, ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನಿಗೆ 'ಸ್ಟೇಷನರ್' ಎಂಬ ಹೆಸರು ಬಂದಿತ್ತು. ಹಾಗಾಗಿ ನಮ್ಮ ಬಸ್‌ಸ್ಟ್ಯಾಂಡ್ ಎದುರಿನ ಬೋರ್ಡು ಬರೆದವನು ತಿಳಿಯದೆಯೇ ಬೇರು ಮುಟ್ಟಿದ್ದಾನೆ.

ಇನ್ನು ಉಪಪ್ರಭೇದಗಳು. ಬೇಡ, ಬಿಡಿ. ಅವುಗಳ ಹೆಸರು ಕಟ್ಟುವುದರೊಳಗೆ ನನಗೇ ಕಾಗುಣಿತೋದ್ವೇಗ ಬಂತು.

ಇಷ್ಟಕ್ಕೂ ತಪ್ಪು ಮಾಡಿದವರು ಬೋರ್ಡು ಬರೆಯುವವರಷ್ಟೇ ಅಲ್ಲ. 'ಡೆಟ್' ಎಂಬ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ 'ಬಿ' ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿದೆಯಲ್ಲಾ ಎಂದು ಪಂಡಿತರು ತಂದು ಸೇರಿಸಿದರು. 'ಐಲೆಂಡ್' ಹಳೆಯ ಇಂಗ್ಲಿಷಿನ ಸ್ವಂತ ಪದ. ಲ್ಯಾಟಿನ್ ವಂಶದ 'ಐಲ್' ಜೊತೆ ಇಲ್ಲದ ನೆಂಟಸ್ತನ ಹಚ್ಚಿ ಅದಕ್ಕೊಂದು 'ಎಸ್' ತುರುಕಿದರು. ಅಪ್ಪಟ ತಪ್ಪು! ಆ ತಪ್ಪನ್ನು ನಮ್ಮ ಮಕ್ಕಳು ಬೆತ್ತದ ಭಯಕ್ಕೆ ಬಾಯಿಪಾಠ ಮಾಡಿದರು. ಪಂಡಿತರ ತಪ್ಪು ನಿಘಂಟು ಸೇರಿತು, ಪೇಂಟರನ ತಪ್ಪು ವಾಟ್ಸಾಪ್ ಸೇರಿತು. ಇದನ್ನು ಯಾವ ಸಂಧಿಯಲ್ಲಿ ಸೇರಿಸೋಣ?

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಕೆಲಸದ ಅರ್ಜಿಯಲ್ಲಿ 'ರಿಸೀವ್' ಬರೆಯುವಾಗ 'ಇ', 'ಐ' ಹಿಂದುಮುಂದು ಮಾಡಿದರೆ ಅವಳ ಲೆಕ್ಕಪತ್ರದ ಜ್ಞಾನವೂ ಹಿಂದುಮುಂದಾಗಿದೆ ಎಂದು ತೀರ್ಮಾನಿಸುವ ಮಹನೀಯರನ್ನು ಕಂಡಿದ್ದೇನೆ. ಅವರದೇ ಆಫೀಸಿನ ಬಾಗಿಲಿಗೆ ರಾಜ್ಯೋತ್ಸವದ ದಿನ 'ಹಾರ್ಧಿಕ ಸ್ವಾಗತ' ಎಂಬ ಬ್ಯಾನರು ಬರುತ್ತದೆ. 'ದ'ಕಾರಕ್ಕೆ ಹೊಟ್ಟೆ ಸೀಳಿದ್ದು ಯಾರಿಗೂ ಕಾಣುವುದಿಲ್ಲ. ಹೋಟೆಲಿನ ಬೋರ್ಡಿನಲ್ಲಿ 'ಉಪಾಹಾರ' ಎಂದೋ 'ಉಪಹಾರ'ವಾಗಿದೆ. ಅದರ ಕೆಳಗೇ ನಿಂತು ದೋಸೆ ತಿನ್ನುತ್ತಾ, ಪಕ್ಕದಲ್ಲಿ ಇಂಗ್ಲಿಷಿನ 'ಟಿಫಿನ್' ಕೆಟ್ಟಿದೆ ಎಂದು ಬೆರಳು ತೋರಿಸುತ್ತಾರೆ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿ ನಾಮಫಲಕದಲ್ಲಿ ಶೇ 60ರಷ್ಟು ಜಾಗವನ್ನು ಕನ್ನಡಕ್ಕೆ ಕೊಡಿಸಿದೆ. ಕಣ್ಣು ಮಾತ್ರ ಉಳಿದ ಶೇ 40ರ ಮೇಲೇ ಇದೆ.

ನಗುವುದಿದ್ದರೆ ನಗಿ ಸ್ವಾಮಿ, ಬಾರಿನ ಬೋರ್ಡು ಎಲ್ಲೂ ಹೋಗುವುದಿಲ್ಲ. ಆ ಹುಡುಗಿಯ ಅರ್ಜಿಯನ್ನು ಮಾತ್ರ ಎರಡನೇ ಪುಟದವರೆಗೆ ಓದಿ.